ಕಚೇರಿಯ ವಿಮೆ ಮನೆಗೂ ಬರುತ್ತದೆಯೇ?

ವಾರಕ್ಕೆ ಮೂರು ದಿನ ಕಚೇರಿ, ಎರಡು ದಿನ ಮನೆ. ಬೆಂಗಳೂರಿನ ಎಷ್ಟೋ ಐಟಿ ಉದ್ಯೋಗಿಗಳಿಗೆ ಇದು ಈಗ ರೂಢಿ. ಕೆಲಸ ಎರಡು ಕಡೆ ಹಂಚಿಹೋದರೂ ಸಂಸ್ಥೆಯ ವಿಮಾ ಪಾಲಿಸಿಯಲ್ಲಿ ಮಾತ್ರ ಅನೇಕ ಕಡೆ ಹಳೆಯ ಒಂದೇ ವಿಳಾಸ ಉಳಿದುಕೊಂಡಿದೆ. ತೊಂದರೆ ಇರುವುದೇ ಅಲ್ಲಿ.

ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಆದ ಅಪಘಾತಕ್ಕೆ ಮಾಲೀಕರೇ ಪರಿಹಾರ ಕೊಡಬೇಕು ಎಂದದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆ. 1948ರಲ್ಲಿ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಬಂತು. ಆಗ ಕಣ್ಣೆದುರು ಇದ್ದದ್ದು ಗಿರಣಿ, ಗಣಿ, ಕಾರ್ಖಾನೆ. ಗೇಟಿನ ಆಚೆ ಏನಾದರೂ ಆದರೆ ಯಾರು ಹೊಣೆ ಎಂಬುದು ದಶಕಗಳ ಕಾಲ ಇತ್ಯರ್ಥವಾಗಲೇ ಇಲ್ಲ. ಸೈಕಲ್ಲಿನಲ್ಲಿ ಪಾಳಿಗೆ ಹೊರಟಿದ್ದ ಕಾರ್ಮಿಕನಿಗೆ ಕಾರ್ಖಾನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಲಾರಿ ಡಿಕ್ಕಿ ಹೊಡೆದಿತ್ತು. ಅದು ಕೆಲಸದ ವೇಳೆಯ ಅಪಘಾತವಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. 2010ರ ತಿದ್ದುಪಡಿ ಬಂದ ಮೇಲಷ್ಟೇ ಇಎಸ್‌ಐ ರಕ್ಷಣೆ ದಾರಿಯ ಅಪಘಾತಕ್ಕೂ ಸಿಕ್ಕಿತು. ಕೆಲಸಕ್ಕೂ ಅಪಘಾತಕ್ಕೂ ನಂಟು ಇದ್ದರೆ 1923ರ ಕಾಯ್ದೆಯಡಿಯೂ ಪರಿಹಾರ ಉಂಟು ಎಂಬ ತೀರ್ಪು ಹೊರಬಿದ್ದದ್ದು 2025ರ ಜುಲೈನಲ್ಲಿ, ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಪ್ರಕರಣದಲ್ಲಿ. ಅದೇ ವರ್ಷದ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ದಾರಿಯ ಅಪಘಾತವನ್ನು ಒಳಗೊಂಡಿದೆ. ಅಂದರೆ ನಮ್ಮ ಕಾನೂನು ರಸ್ತೆಗೆ ಬಂದು ಮುಟ್ಟಲು ಹೆಚ್ಚುಕಡಿಮೆ ಒಂದು ಶತಮಾನ ಬೇಕಾಯಿತು.

ಜರ್ಮನಿ ಇನ್ನೂ ಮುಂದೆ ಹೋಗಿದೆ. ಅಲ್ಲೊಬ್ಬ ಉದ್ಯೋಗಿ ಬೆಳಿಗ್ಗೆ ಹಾಸಿಗೆ ಬಿಟ್ಟೆದ್ದು, ಕೆಲಸ ಶುರುಮಾಡಲು ಕೆಳಗಿನ ಕೋಣೆಗೆ ಸುರುಳಿ ಮೆಟ್ಟಿಲು ಇಳಿಯುವಾಗ ಜಾರಿಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಆ ಕೆಲವು ಮೆಟ್ಟಿಲುಗಳೂ ಕೆಲಸಕ್ಕೆ ಹೋಗುವ ದಾರಿಯೇ ಎಂದು ಅಲ್ಲಿನ ಫೆಡರಲ್ ಸಾಮಾಜಿಕ ನ್ಯಾಯಾಲಯ 2021ರ ಡಿಸೆಂಬರ್‌ನಲ್ಲಿ ಒಪ್ಪಿತು. ಮನೆಯಲ್ಲಿ ಕೆಲಸ ಮಾಡುವವರಿಗೂ ಕಚೇರಿಯಲ್ಲಿರುವವರಷ್ಟೇ ಅಪಘಾತ ವಿಮೆ ಎಂದು ಅದೇ ವರ್ಷ ಅಲ್ಲಿ ಕಾನೂನೂ ಆಗಿತ್ತು. ನಮ್ಮಲ್ಲಿ ಅಂಥ ತೀರ್ಪು ಬರಲಿ ಎಂದು ಕಾಯುತ್ತ ಕೂರುವುದು ತಪ್ಪು. 2017ರಿಂದ ಇಎಸ್‌ಐಗೆ ತಿಂಗಳಿಗೆ 21,000 ರೂಪಾಯಿಯ ವೇತನ ಮಿತಿ ಇರುವುದರಿಂದ ಐಟಿಯವರಲ್ಲಿ ಬಹುಪಾಲು ಮಂದಿ ಅದರ ಹೊರಗೇ ಇದ್ದಾರೆ. ಇವರಿಗೆ ಸದ್ಯ ನೆರವಾಗುವುದು ಸಂಸ್ಥೆಯೇ ಮಾಡಿಸುವ ಗುಂಪು ವೈಯಕ್ತಿಕ ಅಪಘಾತ ವಿಮೆ. ಅದು ಸಾಮಾನ್ಯವಾಗಿ ದಿನದ 24 ಗಂಟೆಯೂ, ಎಲ್ಲಿದ್ದರೂ ಅನ್ವಯಿಸುತ್ತದೆ. ಗುಂಪು ಆರೋಗ್ಯ ವಿಮೆಗೂ ಜಾಗದ ತಕರಾರಿಲ್ಲ.

ಸೊತ್ತಿನ ವಿಷಯ ಹಾಗಲ್ಲ. ಸಣ್ಣ ಉದ್ಯಮಗಳಿಗೆಂದು 2021ರ ಏಪ್ರಿಲ್ 1ರಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ. 50 ಕೋಟಿವರೆಗಾದರೆ ಲಘು ಉದ್ಯಮ ಸುರಕ್ಷಾ. ಎರಡರಲ್ಲೂ ಲೆಕ್ಕಕ್ಕೆ ಬರುವುದು ಪಾಲಿಸಿಯಲ್ಲಿ ಬರೆದ ಸ್ಥಳ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ನೀರು ನುಗ್ಗಿದಾಗ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದವು. ಅದೇ ವೇಳೆ ಎಷ್ಟೋ ಮನೆಗಳ ನೆಲಮಹಡಿಯೂ ಮುಳುಗಿತ್ತು. ಹಾಗೆ ನೀರು ಹೊಕ್ಕ ಮನೆಯಲ್ಲಿದ್ದ ಕಂಪನಿಯ ಲ್ಯಾಪ್‌ಟಾಪ್ ಯಾರ ಲೆಕ್ಕಕ್ಕೆ? ಕಚೇರಿಯ ಪಾಲಿಸಿಯಲ್ಲಿ ಆ ವಿಳಾಸವಿಲ್ಲ. ಮನೆಯ ಪಾಲಿಸಿಯ ಮಟ್ಟಿಗೆ ಅದು ಮನೆಯವರ ಸೊತ್ತಲ್ಲ. ಒಯ್ದಾಡುವ ಉಪಕರಣಗಳನ್ನೂ ಸೇರಿಸಿ ಎಲೆಕ್ಟ್ರಾನಿಕ್ ಉಪಕರಣ ವಿಮೆ ಮಾಡಿಸಿದ್ದರೆ ಮಾತ್ರ ಕ್ಲೇಮಿಗೆ ದಾರಿ ಉಂಟು.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳದ ದತ್ತಾಂಶದ್ದು. ಮಕ್ಕಳ ಆಟದ ಮೊಬೈಲಿಗೂ ಗ್ರಾಹಕರ ಕಡತಕ್ಕೂ ಮನೆಯಲ್ಲಿ ಒಂದೇ ವೈಫೈ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಸೈಬರ್ ವಿಮೆಯ ಪ್ರಸ್ತಾವನಾ ನಮೂನೆಯಲ್ಲಿ ವಿಪಿಎನ್ ಇದೆಯೇ, ಲಾಗಿನ್‌ಗೆ ಎರಡು ಹಂತದ ದೃಢೀಕರಣ ಇದೆಯೇ ಎಂಬಂಥ ಪ್ರಶ್ನೆಗಳಿರುತ್ತವೆ. ವಿಚಾರಿಸದೆ ಎಲ್ಲಕ್ಕೂ ಹೌದು ಎಂದು ಬರೆದುಕೊಟ್ಟರೆ, ಕ್ಲೇಮು ತಿರಸ್ಕರಿಸಲು ವಿಮಾ ಕಂಪನಿಗೆ ಅಷ್ಟು ಸಾಕು.

ಸಣ್ಣ ಸಂಸ್ಥೆ ನಡೆಸುವವರು ಮುಂದಿನ ನವೀಕರಣಕ್ಕೆ ಮೊದಲು ಯಾರ ಮನೆಯಲ್ಲಿ ಯಾವ ಉಪಕರಣವಿದೆ ಎಂದು ಪಟ್ಟಿ ಮಾಡಿ ವಿಮಾ ಕಂಪನಿಗೆ ತಿಳಿಸಿ, ಪಾಲಿಸಿಗೆ ಸೇರಿಸುವ ತಿದ್ದುಪಡಿಯನ್ನು (ಎಂಡಾರ್ಸ್‌ಮೆಂಟ್) ಬರಹದಲ್ಲೇ ಪಡೆಯಿರಿ. ಉದ್ಯೋಗಿಗಳೇ, ಅಪಘಾತ ವಿಮೆ ಮನೆಯಿಂದ ಕೆಲಸ ಮಾಡುವ ವೇಳೆಗೂ ಉಂಟೇ ಎಂದು ಎಚ್‌ಆರ್‌ಗೆ ಇವತ್ತೇ ಒಂದು ಮೇಲ್ ಹಾಕಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.