ಗರ್ಭಕೋಶಧಮನಿ ಎಂಬೊಲೈಸೇಷನ್

ಗರ್ಭಕೋಶದ ಸ್ನಾಯುಭಿತ್ತಿಯಲ್ಲಿ ಬೆಳೆಯುವ, ಕ್ಯಾನ್ಸರಿನ ಜಾತಿಗೆ ಸೇರದ ಫೈಬ್ರಾಯ್ಡ್ ಗಡ್ಡೆಗಳಿಗೆ ರಕ್ತವನ್ನೊಯ್ಯುವ ಧಮನಿಗಳನ್ನು ಒಳಗಿನಿಂದಲೇ ಮುಚ್ಚಿ, ಉದರವನ್ನು ಕೊಯ್ಯದೆ ಆ ಗಡ್ಡೆಗಳನ್ನು ಕುಗ್ಗಿಸುವ ಚಿಕಿತ್ಸಾವಿಧಾನ. ಅತಿಯಾದ ಋತುಸ್ರಾವ, ಅದರಿಂದುಂಟಾಗುವ ರಕ್ತಹೀನತೆ, ಕಿಬ್ಬೊಟ್ಟೆಯ ಭಾರ ಮುಂತಾದುವು ಔಷಧಕ್ಕೆ ಜಗ್ಗದಿದ್ದಾಗ ಇದನ್ನು ಅವಲಂಬಿಸುವರು.

ಇತಿಹಾಸ: ಸೂಜಿಯೊಳಗಿಂದ ತಂತಿಯನ್ನೂ ತಂತಿಯ ಮೇಲೆ ಸಪೂರವಾದ ನಳಿಕೆಯನ್ನೂ ಧಮನಿಯೊಳಕ್ಕೆ ಜಾರಿಸುವ ಉಪಾಯವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ತರುವಾಯವೇ ಇಂಥ ಚಿಕಿತ್ಸೆಗಳಿಗೆ ಹಾದಿ ತೆರೆಯಿತು. 1970ರ ದಶಕದ ಕೊನೆಗೆ ಹೆರಿಗೆಯ ಅನಂತರದ ತೀವ್ರ ರಕ್ತಸ್ರಾವವನ್ನು ತಡೆಯಲು ಶ್ರೋಣಿಯ ಧಮನಿಗಳನ್ನು ಮುಚ್ಚಿದುದುಂಟು. ಫ್ರಾನ್ಸಿನ ಸ್ತ್ರೀರೋಗತಜ್ಞ ಝಾಕ್ ರವೀನಾ ಮತ್ತು ಸಂಗಡಿಗರು, ಫೈಬ್ರಾಯ್ಡ್ ಶಸ್ತ್ರಕ್ರಿಯೆಯಲ್ಲಿ ರಕ್ತನಷ್ಟ ಕಡಮೆಯಾಗಲೆಂದು ಮೊದಲೇ ಈ ಕ್ರಮವನ್ನು ನಡೆಸತೊಡಗಿದಾಗ, ಸರದಿಯಲ್ಲಿದ್ದ ಅನೇಕರ ಬಾಧೆ ಅಷ್ಟರಿಂದಲೇ ಶಮನಗೊಂಡು ಶಸ್ತ್ರಕ್ರಿಯೆಯೇ ಅನಾವಶ್ಯಕವಾಯಿತು. ಹೀಗೆ ಪೂರ್ವಸಿದ್ಧತೆಯೆಂದು ಬಂದುದು ಪ್ರಧಾನ ಚಿಕಿತ್ಸೆಯಾಯಿತು. 16 ಮಂದಿ ಸ್ತ್ರೀಯರನ್ನು ಕುರಿತ ಅವರ ವರದಿ 1995ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊರಬಿದ್ದಿತು.

ವಿಧಾನ: ಮಂಪರು ಬರಿಸಿ, ತೊಡೆಸಂದಿನ ಅಥವಾ ಮಣಿಕಟ್ಟಿನ ಧಮನಿಗೆ ಚುಚ್ಚಿದ ನಳಿಕೆಯನ್ನು ಎಕ್ಸ್-ರೇ ಪರದೆಯನ್ನು ನೋಡುತ್ತ ಗರ್ಭಕೋಶಧಮನಿಯವರೆಗೆ ಸಾಗಿಸಿ, ಮಿಲಿಮೀಟರಿನ ಅರ್ಧದಷ್ಟಿರುವ ಪಾಲಿವಿನೈಲ್ ಆಲ್ಕೊಹಾಲಿನ ಕಣಗಳನ್ನು ರಕ್ತದ ಹರಿವು ಮಂದವಾಗುವ ತನಕ ಬಿಡುವರು, ಅನಂತರ ಮತ್ತೊಂದು ಪಾರ್ಶ್ವದಲ್ಲಿಯೂ ಹಾಗೆಯೇ. ಗಡ್ಡೆ ರಕ್ತವಿಲ್ಲದೆ ಸೊರಗುವುದು. ಗರ್ಭಕೋಶವಾದರೋ ಉಪಧಮನಿಗಳ ನೆರವಿನಿಂದ ಉಳಿದುಕೊಳ್ಳುವುದು. ಮೊದಲ ದಿನದ ನೋವು ತೀವ್ರವಾದುದು.

ಫಲ ಮತ್ತು ಮಿತಿ: ನೆದರ್ಲೆಂಡ್ಸಿನಲ್ಲಿ 177 ಸ್ತ್ರೀಯರ ಮೇಲೆ ನಡೆದ ‘ಎಮ್ಮಿ’ ಪರೀಕ್ಷೆಯಲ್ಲಿ ಈ ಚಿಕಿತ್ಸೆ ಪಡೆದವರ ಪೈಕಿ ಸುಮಾರು ಮೂರನೆಯ ಎರಡು ಪಾಲು ಜನ ಹತ್ತು ವರ್ಷಗಳಾದರೂ ಗರ್ಭಕೋಶವನ್ನು ಉಳಿಸಿಕೊಂಡಿದ್ದರು. ಬ್ರಿಟನ್ನಿನಲ್ಲಿ 254 ಮಂದಿಯನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ‘ಫೆಮ್’ ಪರೀಕ್ಷೆಯಲ್ಲಾದರೆ, ಗಡ್ಡೆಯನ್ನು ಮಾತ್ರ ಕೊಯ್ದು ತೆಗೆಯುವ ಮಯೋಮೆಕ್ಟಮಿಯೇ ಎರಡು ವರ್ಷಗಳ ಅನಂತರದ ಜೀವನಸೌಖ್ಯದಲ್ಲಿ ಮೇಲೆನಿಸಿತು. ಮಕ್ಕಳನ್ನು ಬಯಸುವವರಿಗೆ ಇದನ್ನು ಸೂಚಿಸುವಾಗ ವೈದ್ಯರು ಎಚ್ಚರ ವಹಿಸುವರು.

ಕರ್ನಾಟಕದಲ್ಲಿ: ಬೆಂಗಳೂರಿನ ದಕ್ಷಿಣದಲ್ಲಿ ಹುಳಿಮಾವು, ಅರೆಕೆರೆಗಳನ್ನು ಹಾದುಹೋಗುವ ಬನ್ನೇರುಘಟ್ಟ ರಸ್ತೆಯಲ್ಲಿ 2006ರಿಂದೀಚೆಗೆ ತಲೆಯೆತ್ತಿದ ದೊಡ್ಡ ಖಾಸಗಿ ಆಸ್ಪತ್ರೆಗಳು ಹೃದ್ರೋಗಿಗಳಿಗಾಗಿ, ಎಕ್ಸ್-ರೇ ನೋಡುತ್ತ ಧಮನಿಯೊಳಗೆ ನಳಿಕೆ ಸಾಗಿಸುವ ಕ್ಯಾತ್ ಲ್ಯಾಬುಗಳನ್ನು ಸ್ಥಾಪಿಸಿದುವು; ಈ ಚಿಕಿತ್ಸೆಗೆ ಬೇಕಾದ ಯಂತ್ರವೂ ಅಲ್ಲಿನದೇ. ಆದರೆ ಯಂತ್ರದೊಡನೆ ಅದರಲ್ಲಿ ಪಳಗಿದ ರೇಡಿಯಾಲಜಿಸ್ಟರೂ ಬೇಕಾಗುವುದರಿಂದ ಇದು ಬಹುಮಟ್ಟಿಗೆ ನಗರಗಳ ಸೌಲಭ್ಯವಾಗಿಯೇ ಉಳಿದಿದೆ. ಗರ್ಭಕೋಶವನ್ನು ಉಳಿಸುವ ಇಂಥ ಮಾರ್ಗವಿದ್ದರೂ, ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು 2010ರ ದಶಕದಲ್ಲಿ ವಿಚಾರಣೆಗೆ ಬಂದುವು; 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳೊಳಗೆ ಜಾರಿಗೊಳಿಸಬೇಕೆಂದು ಆದೇಶಿಸಿತು.