ದುರ್ಗದ ಸೀಮೆಯ ಕಾವಲುಗಳು: ಹುಲ್ಲಿನ ಹಕ್ಕು, ಗುತ್ತಿಗೆಯ ಹಕ್ಕು

ಚಿತ್ರದುರ್ಗದ ಇತಿಹಾಸವೆಂದೊಡನೆ ಏಳು ಸುತ್ತಿನ ಕೋಟೆ, ನಾಯಕರ ಪರಾಕ್ರಮ, 1779ರಲ್ಲಿ ಕೋಟೆಯು ಹೈದರಾಲಿಯ ವಶವಾದ ಸಂಗತಿ, ಇವೇ ನೆನಪಿಗೆ ಬರುವುವು. ಆದರೆ ಕೋಟೆಯ ಹೊರಗೆ ದಿಗಂತದವರೆಗೆ ಹಬ್ಬಿದ ಬಯಲಿಗೂ ಒಂದು ಇತಿಹಾಸವುಂಟು. ಅದು ಶಾಸನಗಳಲ್ಲಿ ಅಪರೂಪವಾಗಿಯೂ ಕಂದಾಯದ ದಫ್ತರಗಳಲ್ಲಿ ಹೇರಳವಾಗಿಯೂ ಕಾಣುವ ಹುಲ್ಲಿನ ಇತಿಹಾಸ. ಈ ಹುಲ್ಲು ಯಾರದು, ಅದನ್ನು ಯಾರ ದನ ಮೇಯಬೇಕು, ಯಾವ ಕರಾರಿನ ಮೇಲೆ ಮೇಯಬೇಕು ಎಂಬ ಪ್ರಶ್ನೆಯು ಅರಸುಮನೆತನಗಳು ಅಳಿದ ಮೇಲೂ ಅಳಿಯದೆ ಉಳಿದಿದೆ.

ಈ ಸೀಮೆಯ ಭೂಮಿ ಒಂದೇ ತೆರನಾದುದಲ್ಲ. ಪಶ್ಚಿಮದಲ್ಲಿ ಹೊಳಲ್ಕೆರೆಯ ಕಡೆ ಮಳೆ ತಕ್ಕಮಟ್ಟಿಗೆ ಬೀಳುವುದು; ಪೂರ್ವಕ್ಕೆ ಹಿರಿಯೂರಿನತ್ತ ಬಂದಂತೆಲ್ಲ ಆಕಾಶವು ಜಿಪುಣವಾಗುವುದು. ಹೊಸದುರ್ಗ, ಹಿರಿಯೂರುಗಳ ಮೂಲಕ ವೇದಾವತಿ ಹರಿದರೂ, 1907ರಲ್ಲಿ ಮಾರಿಕಣಿವೆಯ ಅಣೆಕಟ್ಟು ಪೂರ್ಣವಾಗುವವರೆಗೆ ಆ ನೀರು ನೆಲಕ್ಕೆ ದಕ್ಕಿದುದು ಸ್ವಲ್ಪವೇ. ಮಳೆ ತಪ್ಪಿದ ವರ್ಷ ಬೆಳೆ ಹೋದರೂ ದನ ಉಳಿದರೆ ಸಂಸಾರ ಉಳಿಯುವುದು. ಆದುದರಿಂದ ಕಾಡುಗೊಲ್ಲರು, ಮ್ಯಾಸಬೇಡರು, ಕುರುಬರು ಇಲ್ಲಿ ಪಶುಸಂಪತ್ತನ್ನೇ ನಂಬಿ ಬಾಳಿದರು. ಮ್ಯಾಸಬೇಡರು ಇಂದಿಗೂ ‘ದೇವರ ಎತ್ತು’ಗಳನ್ನು ದುಡಿಮೆಗೆ ಹೂಡದೆ ಸಾಕುವರು. ಗೊಲ್ಲರಹಟ್ಟಿ ಎಂಬ ಹೆಸರು ಈ ತಾಲ್ಲೂಕುಗಳಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವುದು. ಕಾಗದದ ಸಾಕ್ಷ್ಯಕ್ಕಿಂತ ಹಳೆಯದಾದ ಸಾಕ್ಷ್ಯವದು.

ಸಾರ್ವಜನಿಕ ಹುಲ್ಲುನೆಲದಲ್ಲಿ ಎರಡು ಬಗೆಯುಂಟು. ಊರಿನ ದನಗಳಿಗಾಗಿ ಬಿಟ್ಟುದು ಗೋಮಾಳ. ಸರ್ಕಾರದ ದನಗಳಿಗಾಗಿ ಕಾಯ್ದಿರಿಸಿದುದು ಕಾವಲು. ಮೊದಲನೆಯದರಲ್ಲಿ ಊರವನು ಹಕ್ಕುದಾರ; ಎರಡನೆಯದರಲ್ಲಿ ಅವನು ಅಪ್ಪಣೆ ಪಡೆದು ಬರುವ ಅತಿಥಿ. ಈ ಭೇದವನ್ನು ಮರೆತರೆ ಮುಂದಿನ ಕಥೆ ತಿಳಿಯದು.

ಕಾವಲುಗಳ ವ್ಯವಸ್ಥೆಗೆ ಮೂಲವು ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಹುಟ್ಟಿದ ಈ ಇಲಾಖೆಯು ಹೈದರನ ಕಾಲದಲ್ಲಿ ಸೈನ್ಯದ ಬೆನ್ನೆಲುಬಾಯಿತು. ತೋಪುಗಳನ್ನೂ ಸಾಮಾನುಗಳನ್ನೂ ಎಳೆದೊಯ್ಯುವ ಎತ್ತುಗಳ ಚುರುಕಿನ ಮೇಲೆ ಯುದ್ಧದ ಫಲವು ನಿಂತಿತ್ತು. ಟಿಪ್ಪುವು ಇದಕ್ಕೆ ‘ಅಮೃತಮಹಲ್’ ಎಂಬ ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆಯನ್ನು ಹೊರಡಿಸಿದನು. ಈ ತಳಿಯು ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ದನಗಳ ಸಂಗಮವೆಂಬುದು ಈ ಜಿಲ್ಲೆಯವರು ನೆನೆಯತಕ್ಕ ಮಾತು. ಅರಸರ ಸೈನ್ಯವನ್ನು ಎಳೆದ ಎತ್ತಿನ ಮೈಯಲ್ಲಿ ದುರ್ಗದ ಬಯಲಿನ ರಕ್ತವೂ ಇತ್ತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮಂದೆಗಳು ಕ್ಷೀಣಿಸಿದುವು. 1813ರಲ್ಲಿ ಕ್ಯಾಪ್ಟನ್ ಹಾರ್ವೆಯ ಕೈಗೆ ಬಂದು ಚೇತರಿಸಿಕೊಂಡುವು. 1860ರಲ್ಲಿ ವೆಚ್ಚ ತಗ್ಗಿಸುವ ನೆಪದಿಂದ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿದರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಂತಾಗಲು 1866ರಲ್ಲಿ ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. ಮುಂದೆ ಮಂದೆಗಳು ಮೈಸೂರು ಸರ್ಕಾರಕ್ಕೆ ಸೇರಿ, 1923ರಲ್ಲಿ ಸೈನ್ಯದ ಇಲಾಖೆಯಿಂದ ವ್ಯವಸಾಯ ಇಲಾಖೆಗೆ ಬಂದುವು.

ಹಿಂದಿನವರು ಕಾವಲುಗಳನ್ನು ವಿಂಗಡಿಸಿದ ಕ್ರಮದಲ್ಲಿ ಬಹಳ ಜಾಣತನವಿದೆ. ಬೇಸಗೆಯ ಕಾವಲುಗಳು ಬಹುಮಟ್ಟಿಗೆ ಕೆರೆಯಂಗಳಗಳು. ಸುತ್ತಲೂ ನೆಲ ಬಿರಿದಿರುವಾಗಲೂ ಅಲ್ಲಿ ಹಸಿರು ಹುಲ್ಲು, ನೀರು, ಮರದ ನೆರಳು ಇರುವುವು. ಮಳೆಗಾಲದ ಕಾವಲುಗಳಲ್ಲಿ ಮಳೆಯ ತಿಂಗಳುಗಳಲ್ಲಿ ಮಾತ್ರ ಹಳ್ಳ ಹರಿಯುವುದು. ಚಳಿಗಾಲದವುಗಳಲ್ಲಿ ನೀರು ಇನ್ನಷ್ಟು ದಿನ ನಿಲ್ಲುವುದು. ಮಂದೆಯು ಋತುವಿಗನುಸಾರ ಒಂದರಿಂದೊಂದಕ್ಕೆ ಸಾಗುತ್ತಿರಲು, ಹಿಂದೆ ಬಿಟ್ಟ ನೆಲಕ್ಕೆ ವಿಶ್ರಾಂತಿ ದೊರೆತು ಹುಲ್ಲು ಮತ್ತೆ ಚಿಗುರುತ್ತಿತ್ತು. ಒಂದೇ ಕಾವಲನ್ನು ಪ್ರತ್ಯೇಕವಾಗಿ ನೋಡಿದರೆ ಅದು ಎಷ್ಟೋ ತಿಂಗಳು ‘ಖಾಲಿ’ ಬಿದ್ದ ಭೂಮಿ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದೇ ದೇಹದ ಅಂಗಾಂಗಗಳು. ಈ ದೃಷ್ಟಿಭೇದವೇ ಮುಂದಿನ ಅನರ್ಥಕ್ಕೆ ಕಾರಣವಾಯಿತು.

ಗುತ್ತಿಗೆಯು ಹುಟ್ಟಿದುದು ಈ ‘ಖಾಲಿ’ ತಿಂಗಳುಗಳಲ್ಲಿಯೇ. ಸರ್ಕಾರದ ಮಂದೆಗೆ ಬೇಡವಾದ ಹುಲ್ಲನ್ನು ವ್ಯರ್ಥವಾಗಿ ಒಣಗಿಸುವುದೇಕೆಂದು ಅದನ್ನು ಹರಾಜಿಗಿಡುವ ಪದ್ಧತಿ ಬೆಳೆಯಿತು. ಗುತ್ತಿಗೆದಾರನಿಗೆ ದೊರೆತುದು ಒಂದು ಕಾಲದ ಹುಲ್ಲು ಮಾತ್ರ. ನೆಲವಲ್ಲ, ಮರವಲ್ಲ, ಉಳುವ ಅಧಿಕಾರವಂತೂ ಅಲ್ಲವೇ ಅಲ್ಲ. ಅವಧಿ ತೀರಿದೊಡನೆ ನೆಲವು ಮತ್ತೆ ಕಾವಲೇ. ಈ ಅರ್ಥದಲ್ಲಿ ಹುಲ್ಲಿನ ಗುತ್ತಿಗೆಯು ಭೂಮಿಗೆ ಹಾನಿಮಾಡದ ಕರಾರು. ಅದು ಬಯಲನ್ನು ಬಯಲಾಗಿಯೇ ಉಳಿಸಿತು.

ಆದರೆ ಅದರಲ್ಲಿ ಒಂದು ದೋಷವೂ ಅಡಗಿತ್ತು. ಹರಾಜಿನಲ್ಲಿ ಗೆಲ್ಲುವವನು ಹಣವುಳ್ಳವನು. ಮೇವು ಬೇಕಾದವನು ದನವುಳ್ಳವನು. ಇವರಿಬ್ಬರೂ ಒಬ್ಬನೇ ಆಗಿರಬೇಕೆಂಬ ನಿಯಮವಿಲ್ಲ. ಇದಕ್ಕಿಂತ ದೊಡ್ಡ ಮಾತೆಂದರೆ, ತಲೆತಲಾಂತರದಿಂದ ಮೇಯಿಸಿಕೊಂಡು ಬಂದವನ ರೂಢಿಯು ಗುತ್ತಿಗೆಯ ಕಾಗದದೊಳಗೆ ಹೊಕ್ಕೊಡನೆ ವರುಷದ ಋಣವಾಗಿ ಕುಗ್ಗಿತು. ಹಣ ಕೊಟ್ಟು ಪಡೆದ ರಶೀದಿಯು ಆ ವರ್ಷಕ್ಕೆ ಹಕ್ಕಿನ ಪತ್ರ. ಮರುವರ್ಷಕ್ಕೆ ಹಕ್ಕಿಲ್ಲವೆಂಬುದರ ಪತ್ರ.

ಗೋಮಾಳದ ಕಾನೂನಾದರೂ ಅಲೆಮಾರಿಗೆ ನೆರವಾಯಿತೆ? 1964ರ ಭೂಕಂದಾಯ ಅಧಿನಿಯಮವು ಉಚಿತ ಮೇವಿನ ಹಕ್ಕನ್ನು ಆಯಾ ಊರಿನ ದನಗಳಿಗೆ ಸೀಮಿತಗೊಳಿಸಿತು. 1966ರ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರಿನಂತೆ ನೆಲವನ್ನು ಬಿಡಬೇಕೆಂದುವು. ಲೆಕ್ಕವು ಒಳ್ಳೆಯದೇ. ಆದರೆ ಬರಗಾಲದಲ್ಲಿ ಮಳೆಯನ್ನು ಹಿಂಬಾಲಿಸಿ ಊರಿಂದೂರಿಗೆ ಹೋಗುವ ಕುರಿಮಂದೆಗೆ ‘ತನ್ನ ಊರು’ ಯಾವುದು? ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರವಾಗುವುದೆಂದು ರೈತನು ಕುರುಬನಿಗೆ ದವಸ ಕೊಟ್ಟು ಕರೆಯುತ್ತಿದ್ದ ಬಾಯಿಮಾತಿನ ಕರಾರೇ ಎಷ್ಟೋ ಪಾಲು ಉದಾರವಾಗಿತ್ತು.

ಇತ್ತ ಕಾವಲುಗಳು ಕರಗುತ್ತ ಬಂದುವು. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿಯ ಕಾಲದಿಂದ ಅವುಗಳ ಭಾಗಗಳು ಸಾಗುವಳಿಗೆ ಹೋದುವು. 2008ರಿಂದೀಚೆಗೆ ನೆರೆಯ ಚಳ್ಳಕೆರೆಯ ವರವು ಕಾವಲು, ಕುದಾಪುರ, ಉಳ್ಳಾರ್ತಿಗಳಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ದತ್ತವಾಯಿತು, ಬೇಲಿಗೋಡೆಗಳೆದ್ದುವು. ದೇಶಕ್ಕೆ ವಿಜ್ಞಾನವು ಬೇಡವೆಂದು ಯಾರೂ ಹೇಳಲಾರರು. ಆದರೆ ಸುತ್ತಣ ಹಳ್ಳಿಗರು ಹಸಿರು ನ್ಯಾಯಪೀಠದ ಮುಂದೆ ಹೋದಾಗ ಅವರ ಕೈಯಲ್ಲಿದ್ದುದು ಮುಖ್ಯವಾಗಿ ರೂಢಿ. ಎದುರು ಪಕ್ಷದ ಕೈಯಲ್ಲಿದ್ದುದು ಮಂಜೂರಾತಿಯ ಪತ್ರ.

ಬೆಣ್ಣೆ ಚಾವಡಿಯಿಂದ ಇಲ್ಲಿಯವರೆಗಿನ ಚರಿತ್ರೆಯಲ್ಲಿ ಒಂದು ಸೂತ್ರವು ಸ್ಪಷ್ಟವಾಗಿದೆ. ಮಂದೆಯು ಸರ್ಕಾರಕ್ಕೆ ಬೇಕಾಗಿದ್ದಷ್ಟು ಕಾಲ ಕಾವಲು ಉಳಿಯಿತು. ಅದರ ನೆರಳಿನಲ್ಲಿ ಬಡವನ ದನವೂ ಮೇದಿತು. ಎತ್ತಿನ ಕೆಲಸವು ಯಂತ್ರಕ್ಕೆ ಹೋದೊಡನೆ ಹುಲ್ಲಿನ ನೆಲವು ‘ಬೀಳು’ ಎನಿಸಿಕೊಂಡಿತು. ಅರಸನ ಎತ್ತಿಗಾಗಿ ಕಾಯ್ದ ಹುಲ್ಲನ್ನು ಪ್ರಜೆಯ ಹಸುವಿಗಾಗಿ ಕಾಯುವ ಕರಾರನ್ನು ಯಾರೂ ಬರೆಯಲಿಲ್ಲ. ಅದನ್ನು ಬರೆಯುವ ಕೆಲಸ ಇನ್ನೂ ಬಾಕಿಯಿದೆ.