ಪ್ರಾಚೀನ ಲಘುಕಥೆಗಳಲ್ಲಿ ಉಪಸಂಹಾರಕ್ರಮ

ಕಥೆಯು ಎಷ್ಟು ಕಿರಿದೋ ಅದರ ಮುಕ್ತಾಯವು ಅಷ್ಟು ದುಷ್ಕರ. ಮಹಾಕಾವ್ಯದಲ್ಲಿ ಒಂದು ಸರ್ಗವು ಶಿಥಿಲವಾದರೆ ಮತ್ತೊಂದು ಅದನ್ನು ಮರೆಯಿಸೀತು. ನಾಲ್ಕು ಪುಟದ ಕಥೆಗೆ ಆ ಅವಕಾಶವಿಲ್ಲ. ನಮ್ಮ ಪೂರ್ವಿಕರು ತುದಿಯಲ್ಲಿ ನೀತಿಯನ್ನು ಅಂಟಿಸಿ ಕಥೆಯನ್ನು ಮುಗಿಸುತ್ತಿದ್ದರೇ ಹೊರತು ಉಪಸಂಹಾರದ ಮರ್ಮವನ್ನು ಅರಿಯರೆಂದು ಆಕ್ಷೇಪಿಸುವುದುಂಟು. ಈ ಆಕ್ಷೇಪವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಪರ್ಯಾಲೋಚಿಸೋಣ.

ಪಂಚತಂತ್ರದಲ್ಲಿ ಕಥೆಯ ಸಾರವನ್ನು ಹೇಳುವ ಶ್ಲೋಕವು ಮೊದಲೇ ಬರುತ್ತದೆ, 'ಅದು ಹೇಗೆ?' ಎಂದು ಕೇಳಿದ ಮೇಲೆ ಕಥೆ. ಕಡೆಯಲ್ಲಿ ಪುನಃ ಆ ಶ್ಲೋಕದ ಸ್ಮರಣೆ. ಆದುದರಿಂದ ಅಲ್ಲಿ ಕುತೂಹಲವಿರುವುದು 'ಏನಾಯಿತು' ಎಂಬುದರಲ್ಲಲ್ಲ, 'ಹೇಗಾಯಿತು' ಎಂಬುದರಲ್ಲಿ. ಮೊದಲು ಬರಿಯ ಉಕ್ತಿಯಾಗಿದ್ದುದು ಕಡೆಗೆ ಅನುಭವವಾಗುತ್ತದೆ. ಕನ್ನಡದ ವಡ್ಡಾರಾಧನೆಯ 19 ಕಥೆಗಳ ಮಾರ್ಗವು ಬೇರೆ. ಅಲ್ಲಿ ಪ್ರಾಕೃತಗಾಹೆಯಿಂದ ಉಪಕ್ರಮ. ಮಹಾಪುರುಷನ ಸಮಾಧಿಮರಣದಿಂದಲೂ, ಅವನಂತೆ ನೋವನ್ನು ಸಹಿಸಬೇಕೆಂದು ಆರಾಧಕರಿಗೆ ಹೇಳುವ ಮಾತಿನಿಂದಲೂ ಉಪಸಂಹಾರ. ಕಥೆಯು ಕೇಳುವವನ ಬಾಳಿಗೆ ಹಸ್ತಾಂತರವಾಗುತ್ತದೆ.

ಮೂರನೆಯ ಮಾರ್ಗವು 11ನೆಯ ಶತಮಾನದ ಕಾಶ್ಮೀರಕವಿ ಸೋಮದೇವನ ಕಥಾಸರಿತ್ಸಾಗರದಲ್ಲಿರುವ ಬೇತಾಳಕಥೆಗಳದು. ಇಲ್ಲಿ ಕಥೆಯು ಪ್ರಶ್ನೆಯಲ್ಲಿ ಮುಗಿಯುತ್ತದೆ. ಮೊದಲನೆಯ ಕಥೆಯನ್ನೇ ನೋಡಬಹುದು. ಸರೋವರತೀರದಲ್ಲಿ ಕನ್ಯೆಯೊಬ್ಬಳು ರಾಜಪುತ್ರನಿಗೆ ಸಂಜ್ಞೆಗಳನ್ನು ಮಾಡುತ್ತಾಳೆ. ನೈದಿಲೆಯನ್ನು ಕಿವಿಯಲ್ಲಿಟ್ಟುದರಿಂದ ತಾನು ಕರ್ಣೋತ್ಪಲರಾಜನ ನಾಡಿನವಳೆಂಬುದನ್ನೂ, ಪದ್ಮವನ್ನು ತಲೆಯ ಮೇಲಿಟ್ಟುದರಿಂದ ಪದ್ಮಾವತಿಯೆಂಬ ಹೆಸರನ್ನೂ ಸೂಚಿಸುತ್ತಾಳೆ. ಮುಂದೆ ಮಂತ್ರಿಪುತ್ರನ ಕಪಟದಿಂದ ಅವಳು ಡಾಕಿನಿಯೆಂದು ದೂಷಿತಳಾಗಿ ಊರಿನಿಂದ ಹೊರದೂಡಲ್ಪಡುತ್ತಾಳೆ. ಶೋಕದಿಂದ ತಂದೆತಾಯಿಗಳು ಸಾಯುತ್ತಾರೆ. ಪಾಪವು ರಾಜಪುತ್ರನದೋ, ಮಂತ್ರಿಪುತ್ರನದೋ, ಪದ್ಮಾವತಿಯದೋ ಎಂದು ಬೇತಾಳವು ಕೇಳಲು, ತ್ರಿವಿಕ್ರಮಸೇನನು ಮೂವರನ್ನೂ ಬಿಟ್ಟು, ಚಾರರಿಂದ ನಿಜವನ್ನು ವಿಚಾರಿಸದೆ ದಂಡಿಸಿದ ಕರ್ಣೋತ್ಪಲನದೇ ಪಾಪವೆನ್ನುತ್ತಾನೆ.

ಈ ಉತ್ತರವು ಅನಿರೀಕ್ಷಿತ, ಆದರೆ ಆಗಂತುಕವಲ್ಲ. ಕಿವಿಯ ಮೇಲಿನ ಆ ನೈದಿಲೆಯಲ್ಲಿ ಅಪರಾಧಿಯ ಹೆಸರು ಆರಂಭದಲ್ಲೇ ಬಿತ್ತಲ್ಪಟ್ಟಿತ್ತು. ನಿರ್ವಹಣದಲ್ಲಿ ಅದ್ಭುತರಸವಿರಬೇಕೆಂದು ಭರತಮುನಿಯು ವಿಧಿಸಿದನು. ಚೆದುರಿದ ಬೀಜಾದ್ಯರ್ಥಗಳು ಅಲ್ಲಿ ಒಂದಾಗಬೇಕೆಂದು ದಶರೂಪಕಕಾರನು ಹೇಳಿದನು. ನಾಟಕಕ್ಕೆ ಹೇಳಿದ ಈ ಎರಡು ಲಕ್ಷಣಗಳೂ ಈ ಕಿರುಗತೆಯಲ್ಲಿ ಸಮನ್ವಯಗೊಂಡಿವೆ. ಅದ್ಭುತವೊಂದೇ ಇದ್ದರೆ ಅದು ಇಂದ್ರಜಾಲ. ಬೀಜದ ಫಲವೊಂದೇ ಆದರೆ ಲೆಕ್ಕಾಚಾರ.

ಈ ಕಥಾಮಾಲೆಯ ಕೊನೆಯು ಇನ್ನೂ ಗಂಭೀರವಾದುದು. ತಿಳಿದೂ ಹೇಳದಿದ್ದರೆ ರಾಜನ ತಲೆ ಸಿಡಿಯುವುದು. ಹೇಳಿದರೆ ಬೇತಾಳವು ಶಿಂಶಪಾವೃಕ್ಷಕ್ಕೆ ಹಿಂದಿರುಗುವುದು. ತಂದೆಯು ಮಗಳನ್ನೂ ಮಗನು ಅವಳ ತಾಯಿಯನ್ನೂ ವರಿಸಿದಾಗ ಅವರ ಮಕ್ಕಳಿಗೆ ಪರಸ್ಪರ ಸಂಬಂಧವೇನೆಂಬ ಕಡೆಯ ಪ್ರಶ್ನೆಗೆ ರಾಜನಿಗೆ ಉತ್ತರ ತೋರದು; ಅವನು ಸುಮ್ಮನೆ ನಡೆಯುತ್ತಾನೆ. ಅಷ್ಟು ಪಾಂಡಿತ್ಯದಿಂದ ಸಾಧ್ಯವಾಗದ ಕಾರ್ಯವು ಆ ಮೌನದಿಂದ ಸಿದ್ಧಿಸುತ್ತದೆ: ಬೇತಾಳವು ಪ್ರಸನ್ನವಾಗಿ ಭಿಕ್ಷುವಿನ ವಂಚನೆಯನ್ನು ತಿಳಿಸಿ ರಾಜನ ಪ್ರಾಣವನ್ನುಳಿಸುತ್ತದೆ.

ಮೀಮಾಂಸಕರು ವಾಕ್ಯತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮೋಪಸಂಹಾರಗಳ ಏಕವಾಕ್ಯತೆಯನ್ನು ಮೊದಲ ಲಿಂಗವೆಂದೆಣಿಸುತ್ತಾರೆ. ಶ್ಲೋಕದ ಪುನರುಕ್ತಿ, ಆರಾಧಕರಿಗೆ ಉಪದೇಶ, ಉತ್ತರ, ಮೌನ, ಇವು ರೂಪದಲ್ಲಿ ಭಿನ್ನವಾದರೂ ಆದಿಯಲ್ಲಿ ಮಾಡಿದ ಸಾಲವನ್ನು ತೀರಿಸುವುದರಲ್ಲಿ ಸಮಾನ. ಆದ್ದರಿಂದ ಇಂತಹ ಕಥೆಗಳನ್ನು ಸಂಗ್ರಹಿಸಿ ಮುದ್ರಿಸುವವರು ಉಪಕ್ರಮವನ್ನಾಗಲಿ ಚೌಕಟ್ಟನ್ನಾಗಲಿ ಕತ್ತರಿಸಬಾರದು. ಹಾಗೆ ಕತ್ತರಿಸಿದರೆ ಉಳಿಯುವ ತುದಿಯು ಕೇವಲ ನೀತಿಯಂತೆಯೇ ತೋರುವುದು. ಆ ದೋಷವು ಕಥೆಗಾರನದಲ್ಲ, ಕತ್ತರಿಯದು.